ಕಂಡಕ್ಟರಮ್ಮನ ಕೈಗೆ ಹಳದಿ ಪಟ್ಟಿ

ಕಣ್ಣು ಬಿಟ್ಟಾಗ ಕಂಡಕ್ಟರಮ್ಮನಿಗೆ ಮೊದಲು ಕಂಡದ್ದು ತನ್ನ ಎಡಗೈ ಮಣಿಕಟ್ಟಿಗೆ ಸುತ್ತಿದ್ದ ಹಳದಿ ಪಟ್ಟಿ. ಗಡಿಯಾರ ಇರಬೇಕಾದ ಜಾಗದಲ್ಲಿ ಗಡಿಯಾರವಿಲ್ಲ, ಪಟ್ಟಿ ಇದೆ. ಬಲಗೈಗೆ ಸೂಜಿ ಚುಚ್ಚಿ ಮೇಲಿನ ಬಾಟಲಿಯಿಂದ ಹನಿಹನಿಯಾಗಿ ಏನೋ ಇಳಿಸುತ್ತಿದ್ದರು. ಸಾಲಾಗಿ ಮಂಚಗಳು, ಹಸಿರು ಪರದೆ, ಫಿನಾಯಿಲ್ ವಾಸನೆ. ಆಸ್ಪತ್ರೆ ಅನ್ನುವುದು ಗೊತ್ತಾಯಿತು. ಇಲ್ಲಿಗೆ ಹೇಗೆ ಬಂದೆ ಅನ್ನುವುದು ಮಾತ್ರ, ತಲೆಯನ್ನು ಎಷ್ಟು ಜಾಲಾಡಿದರೂ ಸಿಗಲಿಲ್ಲ.

"ಇದೇನು ಸಿಸ್ಟರ್, ಈ ಪಟ್ಟಿ?"

ಬಾಟಲಿ ನೋಡುತ್ತಿದ್ದ ನರ್ಸು ಬಗ್ಗಿ, ಹಾಲುಗಲ್ಲದ ಮಗುವಿನ ಹತ್ತಿರ ಮಾತಾಡುವವಳ ಹಾಗೆ ರಾಗವಾಗಿ ಅಂದಳು: "ಎದ್ರಾ ಅಮ್ಮಾ? ಪಟ್ಟಿ ಚೆನ್ನಾಗಿದೆ ಅಲ್ವಾ? ಕಿತ್ಕೋಬಾರ್ದು, ಆಯ್ತಾ? ಜಾಣೆ."

ಜಾಣೆ! ಸಿಟಿ ಬಸ್ಸಿನಲ್ಲಿ ಇಡೀ ಆಯುಷ್ಯ ಟಿಕೆಟ್ ಹರಿದವಳು ಕಂಡಕ್ಟರಮ್ಮ. ಬಾಗಿಲಲ್ಲಿ ಜೋತಾಡುವ ಕಾಲೇಜು ಹುಡುಗರು ಅವಳ ಒಂದು ಕೆಮ್ಮಿಗೆ ಒಳಗೆ ಸರಿಯುತ್ತಿದ್ದರು. ಅಂಥವಳನ್ನು ಯಾರೂ ಈ ತನಕ ಜಾಣೆ ಅಂತ ಮುದ್ದು ಮಾಡಿರಲಿಲ್ಲ.

ನರ್ಸು ಅತ್ತ ಹೋದದ್ದೇ ಪಕ್ಕದ ಮಂಚದಿಂದ ಒಂದು ದನಿ ಬಂತು. ಸೊಂಟದಿಂದ ಪಾದದವರೆಗೆ ಸಿಮೆಂಟು ಪಟ್ಟು ಹಾಕಿಸಿಕೊಂಡು ಮಲಗಿದ್ದ ಮುದುಕಿ. ವಾರ್ಡಿನಲ್ಲಿ ಎಲ್ಲರೂ ಕಾಲಜ್ಜಿ ಅನ್ನುತ್ತಿದ್ದರು.

"ಹಳದಿ ಅಂದ್ರೆ ಮರೆವಿನವರು ಕಣಮ್ಮ. ನಂದು ನೋಡು, ಕೆಂಪು. ಬೀಳೋ ಗಿರಾಕಿ. ಬಿದ್ದಾದ ಮೇಲೆ ಕಟ್ಟಿದ್ದಾರೆ, ಪುಣ್ಯಾತ್ಮರು."

"ಮರೆವು? ನನಗಾ?"

"ಮೊನ್ನೆ ಬಂದಾಗಿಂದ ನೀನು ಮಾಡಿದ್ದನ್ನ ಕೇಳಿದ್ರೆ ನೀನೇ ಕಟ್ಕೋತಿದ್ದೆ. 'ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ, ಒಳಗೆ ಖಾಲಿ ಇದೆ' ಅಂತ ರಾತ್ರಿ ಹಗಲು ಒಂದು ಮಾಡಿದೆ. ಡಾಕ್ಟರಮ್ಮನ್ನ ಹಿಡ್ಕೊಂಡು ಚಿಲ್ಲರೆ ಕೊಡಿ ಅಂದೆ. ಕತ್ತಿಗೆ ಒಂದು ಸೀಟಿ ಹಾಕ್ಕೊಂಡಿದ್ದೆ ನೋಡು, ಅದನ್ನ ಪೀ ಪೀ ಊದಿ ಊದಿ, ಅಲ್ಲಿ ಮೂಲೇಲಿ ಜ್ಞಾನ ಇಲ್ಲದೆ ಮಲಗಿದ್ದವಳಿಗೂ ಎಚ್ಚರ ಆಯ್ತು. ಆಮೇಲೆ ಕಿತ್ಕೊಂಡ್ರು."

ಕಂಡಕ್ಟರಮ್ಮ ಕತ್ತು ತಡವಿಕೊಂಡಳು. ಸೀಟಿ ಇರಲಿಲ್ಲ.

ಆಗ ನೆನಪು ತುಂಡುತುಂಡಾಗಿ ಬಂತು. ಮೂರು ದಿನದಿಂದ ಉರಿ. ಉಚ್ಚೆಗೆ ಕೂತರೆ ಮೆಣಸಿನಪುಡಿ ಎರಚಿದ ಹಾಗೆ. ಬೆನ್ನಿನ ಕೆಳಗೆ ಒಂದು ಕಡೆ ನೋವು, ಮೈಯೆಲ್ಲ ನಡುಕ. ಇದು ಅವಳಿಗೆ ಹೊಸದಲ್ಲ. ಆ ವರ್ಷವಿಡೀ, ಹೋದ ನೆಂಟ ಮತ್ತೆ ಬಂದ ಹಾಗೆ ಬಂದುಬಂದು ಹೋಗುತ್ತಿತ್ತು. ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗುವುದು, ಮಾತ್ರೆ ತರುವುದು, ಉರಿ ನಿಂತ ಕೂಡಲೇ ಉಳಿದ ಮಾತ್ರೆಯನ್ನು ಸಕ್ಕರೆ ಡಬ್ಬಿಯ ಹಿಂದೆ ಎತ್ತಿಡುವುದು. ಮುಂದಿನ ಸಲಕ್ಕೆ ಆಯ್ತು ಅಂತ. ಈ ಸಲ ಎತ್ತಿಟ್ಟದ್ದನ್ನೇ ನುಂಗಿದ್ದಳು. ಆಮೇಲೆ? ಆಮೇಲೆ ಏನೂ ಇಲ್ಲ. ಹಲಗೆ ಒರೆಸಿದ ಹಾಗೆ ಖಾಲಿ.

ಆ ಖಾಲಿಯಿಂದ ಒಂದೇ ಒಂದು ಮಾತು ಎದ್ದು ಬಂದು ಎದೆಗೆ ಒದೆಯಿತು. ಅವರೆಲ್ಲಿ?

"ಸಿಸ್ಟರ್! ನಮ್ಮ ಯಜಮಾನ್ರು ಎಲ್ಲಿ?"

"ಇದ್ದಾರಮ್ಮಾ, ಎಲ್ಲಿ ಹೋಗ್ತಾರೆ? ಅವರೇ ಅಲ್ವಾ ನಿಮ್ಮನ್ನ ಕರ್ಕೊಂಡು ಬಂದಿದ್ದು? ಎರಡು ರಾತ್ರಿ ಈ ಕುರ್ಚಿ ಬಿಟ್ಟು ಏಳಲಿಲ್ಲ, ಪಾಪ. ಎಂಥಾ ಮನುಷ್ಯ! ಒಂದು ಮಾತು ಎದುರಾಡೋದಿಲ್ಲ. ಕೆಳಗೆ ಔಷಧಿ ಅಂಗಡಿಗೆ ಕಳಿಸಿದ್ದೀನಿ, ಒಂದು ಇಂಜೆಕ್ಷನ್ ತರೋದಕ್ಕೆ."

"ಕಳಿಸಿದ್ರಾ? ಒಬ್ಬರನ್ನೇ?"

"ಮತ್ತೆ ಮೆರವಣಿಗೇಲಿ ಕಳಿಸ್ಲಾ?" ನರ್ಸು ನಕ್ಕಳು.

ಕಂಡಕ್ಟರಮ್ಮ ಎದ್ದು ಕೂತಳು. ಅವಳ ಗಂಡ ಡ್ರೈವರಪ್ಪನಿಗೆ ಮನೆಯ ಬಚ್ಚಲಿನ ಬಾಗಿಲೇ ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಗೆ ಹೊರಟವನು ಕಪಾಟು ತೆರೆದು ಒಳಗೆ ಹೋಗಲು ನೋಡುತ್ತಿದ್ದ. ಕನ್ನಡಿಯಲ್ಲಿ ಕಂಡವನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಅವನನ್ನು ಕೆಳಗೆ ಕಳಿಸಿದ್ದಾರೆ, ಇಂಜೆಕ್ಷನ್ ತಾ ಅಂತ!

"ಮರೆವು ಇರೋದು ಅವರಿಗೆ ಸಿಸ್ಟರ್! ನನಗಲ್ಲ! ಯಾರಾದ್ರೂ ಓಡಿ, ಹುಡುಕಿ!"

"ಆಯ್ತಮ್ಮಾ, ಆಯ್ತು. ಮಲ್ಕೊಳ್ಳಿ."

"ಆಯ್ತು ಅನ್ಬೇಡಿ! ಅವರು ಡ್ರೈವರು, ನಾನು ಕಂಡಕ್ಟರು..."

"ಗೊತ್ತಮ್ಮಾ. ನಾವೆಲ್ಲ ಪ್ಯಾಸೆಂಜರು. ಮೊನ್ನೆಯಿಂದ ಹೇಳ್ತಾನೇ ಇದ್ದೀರಲ್ಲ."

ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡೋದಿಲ್ಲ ಅಂತಾರಲ್ಲ, ಹಾಗಾಯಿತು ಅವಳ ಗತಿ. ನಿಜ ಹೇಳಿದಷ್ಟೂ ಪಟ್ಟಿಯ ಹಳದಿ ಇನ್ನಷ್ಟು ಗಾಢವಾಗುತ್ತಿತ್ತು.

ಅಷ್ಟರಲ್ಲಿ ಡಾಕ್ಟರಮ್ಮ ಬಂದಳು. ಎಳೆ ವಯಸ್ಸು, ನಿದ್ದೆಗೆಟ್ಟ ಕಣ್ಣು. ಜ್ವರ ನೋಡಿ, "ಇಳಿದಿದೆ, ಒಳ್ಳೇದು," ಅಂದಳು. ಕಂಡಕ್ಟರಮ್ಮ ಅವಳ ಕೋಟಿನ ತುದಿ ಹಿಡಿದುಕೊಂಡಳು.

"ಡಾಕ್ಟರಮ್ಮಾ, ನನ್ನ ತಲೆ ನೆಟ್ಟಗಿದೆ. ಏನು ಬೇಕಾದ್ರೂ ಕೇಳಿ. ಮರೆವು ನಮ್ಮ ಯಜಮಾನ್ರಿಗೆ."

ಡಾಕ್ಟರಮ್ಮ ನರ್ಸಿನ ಮುಖ ನೋಡಿದಳು. ನರ್ಸು ಮೆಲ್ಲಗೆ ಅಂದಳು: "ಯಜಮಾನ್ರೇ ಹೇಳಿದ್ರು ಡಾಕ್ಟರ್. 'ಇವಳಿಗೆ ಹುಷಾರಿಲ್ಲ, ನಾನು ಜೊತೆಗೆ ಬಂದೆ' ಅಂತ. ಮರೆವು ಜಾಸ್ತೀನಾ ಅಂದ್ರೆ ಹೌದು ಅಂದ್ರು. ಇವರ ಮೊಬೈಲಲ್ಲಿದ್ದ ನಾದಿನೀಗೂ ಫೋನ್ ಮಾಡಿದ್ವಿ. ಅವರು, 'ನಮ್ಮಣ್ಣ ಗಟ್ಟಿಮುಟ್ಟಾಗಿದ್ದಾನೆ, ಅತ್ತಿಗೇನೇ ಈಚೆಗೆ ಒಂಥರಾ ಆಡ್ತಾಳೆ, ಯಾರನ್ನೂ ಮನೆಗೆ ಸೇರಿಸೋದಿಲ್ಲ' ಅಂದ್ರು. ಇವತ್ತು ಊರಿಂದ ಬರ್ತಿದ್ದಾರಂತೆ."

ಕಂಡಕ್ಟರಮ್ಮ ಕೋಟು ಬಿಟ್ಟಳು.

'ಇವಳಿಗೆ ಹುಷಾರಿಲ್ಲ, ನಾನು ಜೊತೆಗೆ ಬಂದೆ.' ಆ ಮಾತು ಅವಳೇ ಕಲಿಸಿದ್ದು! ಉರಿ ಬಂದಾಗಲೆಲ್ಲ ಅವನನ್ನು ಮನೆಯಲ್ಲಿ ಬಿಟ್ಟು ಹೋಗುವ ಹಾಗಿರಲಿಲ್ಲ, ಕ್ಲಿನಿಕ್ಕಿಗೆ ಕರೆದುಕೊಂಡೇ ಹೋಗಬೇಕು. ಅಲ್ಲಿ ಯಾರಾದರೂ ಮಾತಾಡಿಸಿ ಗುಟ್ಟು ರಟ್ಟಾದರೆ? ಅದಕ್ಕೇ ದಾರಿಯುದ್ದ ಪಾಠ. "ಯಾರೇ ಕೇಳಲಿ, ಏನು ಹೇಳ್ತೀರಿ? ಹೇಳಿ ನೋಡೋಣ." ಬೇರೆಲ್ಲ ಸೋರಿಹೋದ ಆ ತಲೆಯಲ್ಲಿ, ಅಷ್ಟು ಸಲ ಹೋಗಿ ಬಂದು, ಅದೊಂದೇ ವಾಕ್ಯ ಮೊಳೆ ಹೊಡೆದ ಹಾಗೆ ನಿಂತಿತ್ತು. ಇನ್ನು ನಾದಿನಿ ಫೋನು ಮಾಡಿದಾಗ, "ಹೂಂ ಅನ್ನಿ, ಹೌದು ಅನ್ನಿ, ಜೋರಾಗಿ ನಗಿ" ಅಂತ ಪಕ್ಕದಲ್ಲಿ ನಿಂತು ಸನ್ನೆ ಮಾಡುತ್ತಿದ್ದವಳೂ ಅವಳೇ. ಯಾಕೆ? ಬಸ್ಸಿಗೆ ಒಂದು ಗೀರು ಬೀಳದ ಹಾಗೆ ಓಡಿಸಿದವನು ಅಂತ ಡಿಪೋದಲ್ಲಿ ಹಾರ ಹಾಕಿಸಿಕೊಂಡವನನ್ನು ನಾಲ್ಕು ಜನ ಅಯ್ಯೋ ಪಾಪ ಅನ್ನಬಾರದು ಅಂತ. ಮುಚ್ಚಿಟ್ಟದ್ದು ಎಷ್ಟು ಚೆನ್ನಾಗಿ ಮುಚ್ಚಿತ್ತು ಅಂದರೆ, ಈಗ ಅವಳೇ ಅದರಡಿ ಸಿಕ್ಕಿಬಿದ್ದಿದ್ದಳು.

"ನೋಡೋಣ, ಅವರು ಬರಲಿ. ಹೋಗಿ ತುಂಬಾ ಹೊತ್ತಾಯ್ತಾ?" ಡಾಕ್ಟರಮ್ಮ ಕೇಳಿದಳು.

ನರ್ಸು ಗೋಡೆಯ ಗಡಿಯಾರ ನೋಡಿದಳು. ಅವಳ ನಗು ಸ್ವಲ್ಪ ಇಳಿಯಿತು. "ಆಯ್ತು. ಕ್ಯೂ ಇರಬೇಕು."

ಆಗಲೇ ಕಾಲಜ್ಜಿ ಬಾಯಿ ಹಾಕಿದ್ದು. "ಅಲ್ಲ ಡಾಕ್ಟರಮ್ಮಾ, ನಂದೊಂದು ಮಾತು. ಆ ಯಪ್ಪ ನನ್ನ ಸೊಸೆ ತಂದ ಊಟ ಉಂಡು, ಕೈ ತೊಳ್ದು, 'ಊಟ ಯಾವಾಗ?' ಅಂತ ಮತ್ತೆ ಕೇಳಿದ. ಸರಿ, ಹಸಿವು ಅಂತ ಬಿಟ್ಟೆ. ಈಯಮ್ಮನ್ನ ತೋರ್ಸಿ, 'ಇವರು ಯಾವ ಸ್ಟಾಪಲ್ಲಿ ಇಳೀಬೇಕಂತೆ?' ಅಂದ. ತಮಾಷೆ ಮಾಡ್ತಾನೆ ಅಂದ್ಕೊಂಡೆ. ಗಂಡಸರ ತಮಾಷೆ ನನಗೆಲ್ಲಿ ಅರ್ಥ ಆಗುತ್ತೆ?"

"ಇದನ್ನ ಮೊದಲೇ ಹೇಳೋದಲ್ವಾ ಅಜ್ಜಿ?" ನರ್ಸು ರೇಗಿದಳು.

"ನನ್ನನ್ನ ಯಾರು ಕೇಳಿದ್ರು? ನಂದು ಕೆಂಪು ಪಟ್ಟಿ ತಾಯಿ, ಬೀಳೋದಷ್ಟೇ ನನ್ನ ಕೆಲಸ."

ಕಂಡಕ್ಟರಮ್ಮ ಕೂತಿರಲಿಲ್ಲ. ಬಾಟಲಿ ನೇತುಹಾಕಿದ್ದ ಗಾಲಿಕಂಬವನ್ನು ತಳ್ಳಿಕೊಂಡು ಕಿಟಕಿಗೆ ಹೋಗಿದ್ದಳು. ವಾರ್ಡು ಮೊದಲನೇ ಮಹಡಿ. ಕೆಳಗೇ ಆಸ್ಪತ್ರೆಯ ಅಂಗಳ, ಅದರಾಚೆ ದೊಡ್ಡ ಗೇಟು, ಗೇಟಿನಾಚೆ ರಸ್ತೆ. ಮಂದಿ ಇರುವೆ ಸಾಲಿನ ಹಾಗೆ ಒಳಕ್ಕೂ ಹೊರಕ್ಕೂ. ಅವನು ಎಲ್ಲೂ ಇಲ್ಲ. ಬಿಳಿ ತಲೆಗಳೆಲ್ಲ ಅವನದೇ ಅನ್ನಿಸಿ, ಮುಖ ತಿರುಗಿಸಿದರೆ ಬೇರೆ ಯಾರೋ ಆಗುತ್ತಿದ್ದವು.

ಬಾಗಿಲ ಮುಂದೆ ರೋಗಿಗಳನ್ನು ಮನೆಗೆ ಬಿಡುವ ಆಸ್ಪತ್ರೆಯ ವ್ಯಾನು ನಿಂತಿತ್ತು. ಒಳಗೆ ಆಗಲೇ ನಾಲ್ಕೈದು ಜನ ಕೂತಿದ್ದರು. ವ್ಯಾನಿನ ಚಾಲಕ ಆಚೆ ಟೀ ಲೋಟ ಹಿಡಿದು ಯಾರೊಂದಿಗೋ ಹರಟುತ್ತಿದ್ದ. ಹಾಗಾದರೆ ಸ್ಟಿಯರಿಂಗ್ ಮುಂದೆ ಕೂತವನು ಯಾರು? ಒಂದು ಕೈ ಹೊರಗೆ ಬಂದು ಪಕ್ಕದ ಕನ್ನಡಿಯನ್ನು ಹಿಡಿದು, ಮೇಲೆ ಒಂದು ಚೂರು, ಕೆಳಗೆ ಅರ್ಧ ಚೂರು ಸರಿಮಾಡಿ, ಬೆರಳ ತುದಿಯಿಂದ ಎರಡು ಸಲ ತಟ್ಟಿತು.

ಆ ತಟ್ಟುವಿಕೆಯನ್ನು ಅವಳು ಒಂದು ಆಯುಷ್ಯ ನೋಡಿದ್ದಳು.

"ಅಯ್ಯೋ! ಅಲ್ಲಿದ್ದಾರೆ! ವ್ಯಾನಲ್ಲಿ!"

ನರ್ಸು ಓಡಿ ಬಂದು ಭುಜ ಹಿಡಿದಳು. ಡಾಕ್ಟರಮ್ಮ ಕಿಟಕಿಗೆ ಬಂದು ಇಣುಕಿದಳು. ಎಂಜಿನ್ನಿನ ಸದ್ದು ಶುರುವಾಯಿತು. ಕೀಲಿ ಅದರಲ್ಲೇ ಇತ್ತು.

"ಹೆದರ್ಬೇಡಿ," ಕಂಡಕ್ಟರಮ್ಮ ಅವರಿಗೂ ತನಗೂ ಸೇರಿಸಿ ಹೇಳಿದಳು. "ಸೀಟಿ ಆಗದೆ ಹೊರಡೋದಿಲ್ಲ ಅವರು. ಜನ್ಮದಲ್ಲೇ ಹಾಗೆ ಹೊರಟವರಲ್ಲ. ಒಂದು ಸೀಟಿಗೆ ನಿಲ್ಲಿಸು, ಎರಡು ಸೀಟಿಗೆ ಹೊರಡು. ನಾನು ಊದದೆ..."

ಗೇಟಿನಲ್ಲಿ ಕಾರುಗಳನ್ನು ಹೊರಗೆ ಬಿಡುತ್ತಿದ್ದ ಕಾವಲುಗಾರನ ಬಾಯಲ್ಲಿ ಸೀಟಿ ಇತ್ತು. ಅವನು ಕೈ ಬೀಸಿ ಊದಿದ: ಪೀ, ಪೀ.

ವ್ಯಾನು ಹೊರಟಿತು. ಎಷ್ಟು ನಯವಾಗಿ ಹೊರಟಿತು ಅಂದರೆ, ಒಳಗೆ ಕೂತಿದ್ದ ಕೈಗೂಸಿನ ತಾಯಿಗೆ ಗೊತ್ತೂ ಆಗಿರಲಾರದು. ಗೇಟಿನ ಕಡೆಗೆ. ಗೇಟಿನಲ್ಲಿ ಜನ. ಊರುಗೋಲಿನವರು, ಗಾಲಿಕುರ್ಚಿಯವರು, ಮಕ್ಕಳ ಕೈ ಹಿಡಿದವರು.

"ನನ್ನ ಸೀಟಿ! ಸೀಟಿ ಕೊಡಿ!"

"ಊದಬಾರದಮ್ಮಾ, ಇದು ಆಸ್ಪತ್ರೆ..." ನರ್ಸಿನ ಬಾಯಿ ಅಭ್ಯಾಸಬಲದಿಂದ ಅಂದಿತು. ಅವಳ ಕಣ್ಣು ಮಾತ್ರ ಕೆಳಗೆ ಕೀಲಿಸಿತ್ತು, ಮುಖ ಸುಣ್ಣವಾಗಿತ್ತು.

"ತಗೋ!" ಕಾಲಜ್ಜಿ ಕೂಗಿದಳು. ನರ್ಸು ಸೀಟಿಯನ್ನು ಬಚ್ಚಿಟ್ಟಿದ್ದು ಅವಳ ಮಂಚದ ಪಕ್ಕದ ಡ್ರಾಯರಿನಲ್ಲಿ. ಸಿಮೆಂಟು ಕಾಲಿನ ಮುದುಕಿ ಮಲಗಿದಲ್ಲಿಂದಲೇ ಬೀಸಿ ಒಗೆದಳು. ಡಾಕ್ಟರಮ್ಮ ಹಿಡಿದಳು. ಹಿಡಿದು, ಅರೆಗಳಿಗೆ ಹಳದಿ ಪಟ್ಟಿ ನೋಡಿ, ಅದೇ ಕೈಗೆ ಇಟ್ಟಳು.

ಕಂಡಕ್ಟರಮ್ಮ ಕಿಟಕಿಯ ಸರಳಿಗೆ ಬಾಯಿ ಒತ್ತಿ ಊದಿದಳು. ಒಂದೇ. ಉದ್ದ. ಎದೆಯಲ್ಲಿದ್ದ ಗಾಳಿಯೆಲ್ಲ ಮುಗಿಯುವವರೆಗೆ.

ವ್ಯಾನು ನಿಂತಿತು. ಗಾಲಿಕುರ್ಚಿಯೊಂದರಿಂದ ಮೊಳದಷ್ಟು ದೂರದಲ್ಲಿ, ಒಂದು ಕುಲುಕೂ ಇಲ್ಲದೆ, ಸ್ಟಾಪು ಬಂದ ಬಸ್ಸಿನ ಹಾಗೆ.

ಆಮೇಲೆ ಕೂಗು, ಓಟ, ಒಡೆದ ಟೀ ಲೋಟ. ಚಾಲಕ ಕಿಟಕಿಯೊಳಗೆ ಕೈ ಹಾಕಿ ಎಂಜಿನ್ ಆರಿಸಿ ಕೀಲಿ ಕಿತ್ತುಕೊಂಡ, "ಇಳಿಯೋ ಮುದ್ಕಾ!" ಅಂತ ಅರಚಿದ. ಡ್ರೈವರಪ್ಪ ಇಳಿಯಲಿಲ್ಲ. ಗಾಲಿಕುರ್ಚಿಯಲ್ಲಿ ಕಂಡಕ್ಟರಮ್ಮನನ್ನು ಕೆಳಗೆ ತರುವ ಹೊತ್ತಿಗೆ ಅವನು ಸುತ್ತ ನೆರೆದವರಿಗೆ ಸಮಾಧಾನದಿಂದ ಹೇಳುತ್ತಿದ್ದ: "ಗಲಾಟೆ ಮಾಡ್ಬೇಡಿ. ಕಂಡಕ್ಟರ್ ಹೇಳ್ಲಿ, ಬಿಡ್ತೀನಿ."

ಆಗಲೇ ಒಬ್ಬ ಹೆಂಗಸು ಚೀಲ ಹಿಡಿದು ಗುಂಪು ಸೀಳಿಕೊಂಡು ಬಂದಳು. ನಾದಿನಿ. ಬಸ್ಸಿಳಿದು ನೇರ ಬಂದಿದ್ದಳು.

"ಅಣ್ಣಾ! ಇಲ್ಲೇನು ಮಾಡ್ತಿದ್ದೀಯ? ಇಳಿ ಕೆಳಗೆ!"

ಡ್ರೈವರಪ್ಪ ಒಡಹುಟ್ಟಿದವಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಬಹಳ ಮರ್ಯಾದೆಯಿಂದ ಅಂದ: "ಇದು ಭರ್ತಿ ಆಗಿದೆ ತಾಯಿ. ಹಿಂದೆ ಇನ್ನೊಂದು ಬರ್ತಿದೆ, ಅದಕ್ಕೆ ಬನ್ನಿ."

ಚೀಲ ನಾದಿನಿಯ ಕೈಯಿಂದ ಜಾರಿತು. ಅವಳು ಅತ್ತಿಗೆಯ ಕಡೆ ತಿರುಗಿದಳು.

"ರೀ, ಡಿಪೋ ಬಂತು. ಇಳೀರಿ," ಅಂದಳು ಕಂಡಕ್ಟರಮ್ಮ.

"ಬಂತಾ?" ಅವನು ಇಳಿದ. ಗಾಲಿಕುರ್ಚಿಯನ್ನೂ ಬಾಟಲಿಯನ್ನೂ ನೋಡಿ ಮುಖ ಬಾಡಿಸಿಕೊಂಡು ಎಲ್ಲರಿಗೂ ಒಪ್ಪಿಸಿದ: "ಇವಳಿಗೆ ಹುಷಾರಿಲ್ಲ. ನಾನು ಜೊತೆಗೆ ಬಂದೆ."

ಈ ಸಲ ನರ್ಸು ನಗಲಿಲ್ಲ.

ವಾರ್ಡಿಗೆ ವಾಪಸು ಬಂದ ಮೇಲೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. "ತಪ್ಪು ನಮ್ಮದು. ಅವರ ಹತ್ತಿರ ಇನ್ನೂ ನಾಲ್ಕು ಪ್ರಶ್ನೆ ಕೇಳಿದ್ರೆ ಗೊತ್ತಾಗ್ತಿತ್ತು. ಆದ್ರೆ ಅಮ್ಮಾ, ನಿಮ್ಮ ತಲೆ ಕೆಟ್ಟಿತ್ತು ಅನ್ನೋದೂ ಸುಳ್ಳಲ್ಲ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ವಯಸ್ಸಾದವರಿಗೆ ಹಾಗೆ ಏರಿದ್ರೆ ಬುದ್ಧಿ ಒಂದೇ ದಿನದಲ್ಲಿ ಕದಡಿಹೋಗುತ್ತೆ. ಔಷಧಿ ಬಿದ್ದ ಮೇಲೆ ತಿಳಿಯಾಗುತ್ತೆ. ಯಜಮಾನ್ರದ್ದು ಹಾಗಲ್ಲ, ಅದು ನಿಧಾನ." ಆಮೇಲೆ ಕೇಳಿದಳು: "ಬಂದ ದಿನ ಅವರನ್ನ ತೋರಿಸಿ ಇವರು ಯಾರು ಅಂತ ಕೇಳಿದ್ವಿ. ನೆನಪಿದೆಯಾ?"

"ಇಲ್ಲ. ಏನಂದೆ?"

"'ಯಾರೋ ಪ್ಯಾಸೆಂಜರು, ಟಿಕೆಟ್ ತಗೊಂಡಿಲ್ಲ' ಅಂದ್ರಿ."

ಕಂಡಕ್ಟರಮ್ಮನ ಎದೆಗೆ ಕುಡಗೋಲು ಬೀಸಿದ ಹಾಗಾಯಿತು. ಅವನು ತನ್ನನ್ನು ಗುರುತಿಸದ ದಿನಗಳಲ್ಲಿ ಅವಳು ಬಚ್ಚಲ ಗೋಡೆಗೆ ಹಣೆ ಒತ್ತಿ ಅತ್ತಿದ್ದಳು. ತಾನೂ ಅದನ್ನೇ ಮಾಡಿದ್ದಳು. ಮಾಡಿದ್ದು ಗೊತ್ತೂ ಇರಲಿಲ್ಲ. ಅವನಿಗೂ ಹೀಗೇ ಇರಬೇಕು ಒಳಗೆ. ನೋವಿಲ್ಲ, ಸುಳಿವಿಲ್ಲ, ಒರೆಸಿದ ಹಲಗೆ.

"ಹಾಗಾದ್ರೆ ನನ್ನನ್ನ ಇಲ್ಲಿಗೆ ತಂದಿದ್ದು ಹೇಗೆ ಅವರು?"

ನರ್ಸು ಹೇಳಿದಳು: "ಟ್ಯಾಕ್ಸಿಯವನು ಹೇಳ್ತಿದ್ದ. ನಿಮ್ಮನ್ನ ಎತ್ಕೊಂಡು ರಸ್ತೆ ಮಧ್ಯ ನಿಂತಿದ್ರಂತೆ. ಅವನು ನಿಲ್ಲಿಸಿದ ಕೂಡಲೇ, 'ಗಾಡೀಲಿ ಪ್ಯಾಸೆಂಜರಿಗೆ ಹುಷಾರಿಲ್ಲ, ಆಸ್ಪತ್ರೆ ತನಕ ಎಲ್ಲೂ ನಿಲ್ಲಿಸ್ಬೇಡ' ಅಂದ್ರಂತೆ. ಅವನು ಪಾಪ ಕೆಂಪು ದೀಪಕ್ಕೂ ನಿಲ್ಲಿಸಲಿಲ್ಲವಂತೆ."

ಅದು ಡಿಪೋದ ನಿಯಮ. ಗಾಡಿಯಲ್ಲಿ ಯಾರಾದರೂ ಕುಸಿದರೆ ದಾರಿಯ ಸ್ಟಾಪೆಲ್ಲ ಬಿಟ್ಟು ನೇರ ಆಸ್ಪತ್ರೆ. ಅವನ ಪಾಲಿಗೂ ಅವಳು ಆ ಹೊತ್ತು ಯಾರೋ ಪ್ಯಾಸೆಂಜರೇ. ಹೆಂಡತಿ ಅಂತ ಗೊತ್ತಿಲ್ಲದೆಯೇ ಎತ್ತಿಕೊಂಡು ಬಂದಿದ್ದ. ಕಂಡಕ್ಟರಮ್ಮ ಗಂಡನನ್ನು ನೋಡಿದಳು. ಅವನು ಕುರ್ಚಿಯಲ್ಲಿ ಕೂತು ಕಾಲಜ್ಜಿಯ ಸೊಸೆ ಕೊಟ್ಟ ಬಾಳೆಹಣ್ಣಿನ ಸಿಪ್ಪೆಯನ್ನು ಅಚ್ಚುಕಟ್ಟಾಗಿ ಮಡಿಸುತ್ತಿದ್ದ.

"ನೀರು ಎಷ್ಟು ಕುಡೀತೀರಿ?" ಡಾಕ್ಟರಮ್ಮ ಕೇಳಿದಳು.

"ಕುಡಿಯೋದಿಲ್ಲ. ಕುಡಿದ್ರೆ ಹೋಗ್ಬೇಕಾಗುತ್ತಲ್ಲ. ಡ್ಯೂಟೀಲಿದ್ದಾಗಲೇ ಬಿಟ್ಟಿದ್ದು, ದಾರೀಲಿ ಹೆಂಗಸರಿಗೆ ಎಲ್ಲಿದೆ ಜಾಗ? ಈಗ ನಾನು ಬಾಗಿಲು ಹಾಕ್ಕೊಂಡ್ರೆ ಇವರು ಬೀದಿಗೆ ಹೋಗ್ತಾರೆ. ಒಂದ್ಸಲ ಹೋಗಿ ಲಾರಿ ಮುಂದೆ ನಿಂತಿದ್ರು. ಅವತ್ತಿಂದ ಇವರು ಮಲಗೋ ತನಕ ತಡ್ಕೋತೀನಿ."

"ಸೀಟಿ ಊದಿದ್ರೆ ನಿಲ್ತಾನಂತಲ್ಲ ಅತ್ತಿಗೆ?" ಅಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದ ನಾದಿನಿ ಬಾಯಿಬಿಟ್ಟಳು. ದನಿ ಬಿರುಕು ಬಿಟ್ಟಿತ್ತು.

"ನಿಲ್ತಾರೆ. ಊದಿದ್ರೆ ಅಕ್ಕಪಕ್ಕದವರಿಗೆ ಕೇಳುತ್ತೆ. ಯಾಕೆ ಅಂತ ಕೇಳ್ತಾರೆ."

ಒಂದು ವರ್ಷದ ಉರಿ, ಎತ್ತಿಟ್ಟ ಮಾತ್ರೆ, ಒಣಗಿದ ಗಂಟಲು, ಎಲ್ಲ ಅಷ್ಟಕ್ಕೇನಾ ಅನ್ನುವುದು ಅವಳಿಗೇ ಈಗ, ಹೇಳಿದ ಮೇಲೆ, ಕೇಳಿಸಿತು.

"ಇನ್ನು ಕುಡೀಬೇಕು," ಡಾಕ್ಟರಮ್ಮ ಅಂದಳು. "ಬಂದಾಗ ಹೋಗ್ಬೇಕು, ತಡ್ಕೋಬಾರದು. ಮಾತ್ರೆ ಉರಿ ನಿಂತ್ರೂ ಮುಗಿಸ್ಬೇಕು. ಅರ್ಧಕ್ಕೆ ಬಿಟ್ಟು ಬಿಟ್ಟು ಆ ರೋಗಾಣುಗಳು ಹಳೇ ಮಾತ್ರೆಗೆ ಬಗ್ಗದ ಹಾಗಾಗಿವೆ, ಅದಕ್ಕೇ ಈ ಬಾಟಲಿ. ಇನ್ನೊಂದು ಸಲ ಹೀಗೆ ಏರಿದ್ರೆ ಏನಾಗುತ್ತೋ ಹೇಳೋಕಾಗಲ್ಲ. ಆಮೇಲೆ ಇವರನ್ನ ಯಾರು ನೋಡ್ಕೋತಾರೆ? ಹಾಂ, ಇವರು ಯಾವತ್ತಾದ್ರೂ ಇದ್ದಕ್ಕಿದ್ದ ಹಾಗೆ ಹೆಚ್ಚು ಗಲಿಬಿಲಿ ಮಾಡಿದ್ರೆ ಇವರ ಮೂತ್ರಾನೂ ಪರೀಕ್ಷೆ ಮಾಡಿಸಿ. ಮರೆವಿನ ತಲೆ ಮೇಲೆ ಹಾಕಿ ಸುಮ್ಮನಾಗ್ಬೇಡಿ."

ನರ್ಸು ಕತ್ತರಿ ತಂದು ಹಳದಿ ಪಟ್ಟಿ ಕತ್ತರಿಸಿದಳು. ಹೊಸದೊಂದನ್ನು ಡ್ರೈವರಪ್ಪನ ಕೈಗೆ ಕಟ್ಟಿದಳು. ಅವನು ತೋಳು ಎತ್ತಿ, ಗಡಿಯಾರ ನೋಡುವ ಹಾಗೆ ಅದನ್ನು ನೋಡಿ, "ಹೊರಡೋ ಹೊತ್ತಾಯ್ತು," ಅಂದ.

ಹಾಗೆ ಎಲ್ಲರೆದುರು ಅವನ ಕೈಗೆ ಅದು ಬೀಳಬಾರದು ಅಂತಲೇ ಅವಳು ಇಷ್ಟು ದಿನ ಹೆಣಗಿದ್ದು. ಬಿತ್ತು. ಆಕಾಶವೇನೂ ಕಳಚಲಿಲ್ಲ. ಹಾಗಾದರೆ ಮುಚ್ಚಿಟ್ಟಿದ್ದು ಯಾಕೆ ಅನ್ನುವುದೇ ಈಗ ದಿಗಿಲು.

ನಾದಿನಿ ಲೋಟದ ತುಂಬ ನೀರು ಹಿಡಿದು ಬಂದಳು. "ಕುಡಿ ಅತ್ತಿಗೆ. ಪೂರ್ತಿ. ನಾನು ಊರಿಗೆ ಹೋಗಲ್ಲ, ಇದ್ದೀನಿ. ನೀನು ಓಡ್ಸಿದ್ರೂ ಹೋಗಲ್ಲ." ಮತ್ತೆ ತಗ್ಗಿದ ದನಿಯಲ್ಲಿ, "ಫೋನಲ್ಲಿ ಅಷ್ಟು ಚೆನ್ನಾಗಿ ನಗ್ತಿದ್ದ."

"ನಾನೇ ನಗಿಸ್ತಿದ್ದೆ ಕಣೇ," ಅಂದಳು ಕಂಡಕ್ಟರಮ್ಮ, ಲೋಟ ಬರಿದು ಮಾಡಿ.

ಸ್ವಲ್ಪ ಹೊತ್ತಿಗೆ ಹೋಗಬೇಕಾಯಿತು. ನಾದಿನಿ ಗಾಲಿಕಂಬ ಹಿಡಿದುಕೊಂಡಳು. ಅವರು ಎದ್ದದ್ದೇ ಡ್ರೈವರಪ್ಪನೂ ಎದ್ದು ಬಾಗಿಲ ಕಡೆ ಕಾಲು ಹಾಕಿದ. ಕಂಡಕ್ಟರಮ್ಮ ಅಭ್ಯಾಸದಂತೆ ಅತ್ತಿತ್ತ ನೋಡಿದಳು. ಇಡೀ ವಾರ್ಡು ನೋಡುತ್ತಿತ್ತು.

"ಊದಮ್ಮಾ," ಅಂದಳು ಕಾಲಜ್ಜಿ. "ನಮಗೆಲ್ಲ ಅಭ್ಯಾಸ ಆಗಿದೆ."

ಅವಳು ನರ್ಸಿನ ಮುಖ ನೋಡಿದಳು. ನರ್ಸು ಗೋಡೆ ಕಡೆ ತಿರುಗಿ ಬಾಟಲಿಗಳನ್ನು ಎಣಿಸತೊಡಗಿದಳು.

ಕಂಡಕ್ಟರಮ್ಮ ಊದಿದಳು, ಒಂದು. ಡ್ರೈವರಪ್ಪ ನಿಂತ, ತಿರುಗಿದ, ಬಂದು ಕುರ್ಚಿಯಲ್ಲಿ ಕೂತು ಎರಡೂ ಕೈಯನ್ನು ಮುಂದೆ ಚಾಚಿ ಗಾಳಿಯಲ್ಲಿ ಸ್ಟಿಯರಿಂಗ್ ಹಿಡಿದ.

ಒಳಗೆ ಬಾಗಿಲು ಹಾಕಿಕೊಂಡು ಅವಳು ಕೂತಳು. ಉರಿ ಇನ್ನೂ ಇತ್ತು, ಕಮ್ಮಿ. ಅವಸರವಿಲ್ಲದೆ ಕೂತು ಎಷ್ಟು ಕಾಲವಾಗಿತ್ತೋ.

ಹೊರಗಿನಿಂದ ಅವನ ದನಿ ಬಂತು. "ರೈಟಾ ಕಂಡಕ್ಟರೇ?"

"ಇನ್ನೂ ಇಲ್ಲ," ಅಂತ ಅವಳು ಕೂಗಿದಳು. "ಇಳಿಯೋರಿದ್ದಾರೆ."